ವುಡನ್ ಪಕ್ಕದ ಕುರ್ಚಿಗಳು: ಯುಸಿಎಲ್‌ಎ ತರಬೇತಿ ಬಳಗ, 1948–1975

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿನ ಚರಿತ್ರೆಯಲ್ಲಿ 1964ರಿಂದ 1975ರವರೆಗಿನ ಹನ್ನೆರಡು ವರ್ಷಗಳು ಬಹುಮಟ್ಟಿಗೆ ಒಂದೇ ವಿದ್ಯಾಸಂಸ್ಥೆಯ ಲೆಕ್ಕಕ್ಕೆ ಸೇರಿವೆ. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದರೆ ಯುಸಿಎಲ್‌ಎ, ಈ ಅವಧಿಯಲ್ಲಿ ಪುರುಷರ ರಾಷ್ಟ್ರೀಯ ಪ್ರಶಸ್ತಿಯನ್ನು 10 ಬಾರಿ ಗೆದ್ದಿತು. ಅವುಗಳಲ್ಲಿ 1967ರಿಂದ 1973ರವರೆಗಿನ ಏಳು ಒಂದರ ಹಿಂದೊಂದರಂತೆ ಬಂದವು. ಈ ಸಾಧನೆಯನ್ನು ಬರೆದಿಟ್ಟವರೆಲ್ಲರೂ ಅದನ್ನು ಮುಖ್ಯ ತರಬೇತುದಾರ ಜಾನ್ ವುಡನ್ ಅವರ ಹೆಸರಿನಲ್ಲಿಯೇ ಬರೆದಿಟ್ಟಿದ್ದಾರೆ. ಹಾಗೆ ಬರೆದದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. 1948ರಲ್ಲಿ ಯುಸಿಎಲ್‌ಎಗೆ ಬಂದ ವುಡನ್ ಅವರಿಗೆ ಮೊದಲ ಪ್ರಶಸ್ತಿ ದಕ್ಕಿದ್ದು ಹದಿನಾರನೆಯ ಋತುವಿನಲ್ಲಿ. ಅಷ್ಟು ಕಾಲ ಒಲಿಯದಿದ್ದ ಪ್ರಶಸ್ತಿ ಆಮೇಲೆ ವರ್ಷವರ್ಷವೂ ಹೇಗೆ ಒಲಿಯಿತೆಂಬ ಪ್ರಶ್ನೆಗೆ ಉತ್ತರ ಹುಡುಕಹೊರಟರೆ, ಅವರ ಪಕ್ಕದ ಕುರ್ಚಿಗಳಲ್ಲಿ ಕುಳಿತಿದ್ದವರ ಕಡೆಗೆ ನೋಡದೆ ಗತ್ಯಂತರವಿಲ್ಲ.

ಆ ಕುರ್ಚಿಗಳ ವ್ಯವಸ್ಥೆಯನ್ನು ಮೊದಲು ತಿಳಿದುಕೊಳ್ಳಬೇಕು. ಅಮೆರಿಕದಲ್ಲಿ ಕಾಲೇಜು ತಂಡದ ಆಟಗಾರರು ವಿದ್ಯಾರ್ಥಿಗಳು. ವಿದ್ಯಾರ್ಥಿವೇತನದ ಮೇಲೆ ಓದಲು ಬರುವ ಇವರು ಮೂರು ನಾಲ್ಕು ವರ್ಷಗಳಲ್ಲಿ ಪದವಿ ಮುಗಿಸಿ ಹೊರಟುಹೋಗುವುದರಿಂದ, ತಂಡವೊಂದು ಬಾಳಬೇಕಾದರೆ ಹೊಸಬರನ್ನು ಸತತವಾಗಿ ಹುಡುಕಿ ತರುತ್ತಲೇ ಇರಬೇಕು. ಹೈಸ್ಕೂಲಿನ ಪ್ರತಿಭಾವಂತರನ್ನು ಗುರುತಿಸಿ, ಅವರ ತಂದೆತಾಯಿಯರನ್ನೂ ಶಾಲೆಯ ತರಬೇತುದಾರರನ್ನೂ ಕಂಡು, ಬೇರೆ ಕಾಲೇಜುಗಳಿಗಿಂತ ಮೊದಲು ಒಪ್ಪಿಸುವ ಈ ಕೆಲಸವನ್ನು ರಿಕ್ರೂಟಿಂಗ್ ಎನ್ನುತ್ತಾರೆ. ಎದುರಾಳಿ ತಂಡದ ಪಂದ್ಯಗಳನ್ನು ಮುಂಚಿತವಾಗಿ ಹೋಗಿ ನೋಡಿ, ಅದರ ಬಲಾಬಲಗಳನ್ನು ಬರೆದು ತರುವುದು ಸ್ಕೌಟಿಂಗ್. ಇವೆರಡೂ ಬಹುಪಾಲು ಸಹಾಯಕ ತರಬೇತುದಾರರ ಹೊಣೆ. ಇದಲ್ಲದೆ 1972ರವರೆಗೆ ಮೊದಲ ವರ್ಷದ ವಿದ್ಯಾರ್ಥಿಗಳು ಕಾಲೇಜಿನ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಅವರಿಗಾಗಿಯೇ ಫ್ರೆಶ್‌ಮನ್ ತಂಡವೆಂಬ ಪ್ರತ್ಯೇಕ ತಂಡವೂ, ಅದಕ್ಕೆ ಪ್ರತ್ಯೇಕ ತರಬೇತುದಾರರೂ ಇರುತ್ತಿದ್ದರು. ಮುಖ್ಯ ತರಬೇತುದಾರ, ಒಬ್ಬ ಸಹಾಯಕ, ಫ್ರೆಶ್‌ಮನ್ ತರಬೇತುದಾರ ಮತ್ತು ಆಟಗಾರರ ದೇಹಸ್ಥಿತಿಯನ್ನು ನೋಡಿಕೊಳ್ಳುವ ಟ್ರೈನರ್, ಇಷ್ಟೇ ಜನರ ಬಳಗ ಯುಸಿಎಲ್‌ಎಯ ಬಹುಪಾಲು ಪ್ರಶಸ್ತಿಗಳ ಹಿಂದಿತ್ತು. ಇವರೆಲ್ಲರ ಮೇಲೆ ವಿಶ್ವವಿದ್ಯಾಲಯದ ಎಲ್ಲ ಕ್ರೀಡೆಗಳ ಆಡಳಿತವನ್ನು ನೋಡುವ ಕ್ರೀಡಾ ನಿರ್ದೇಶಕರಿದ್ದರು.

ವುಡನ್ ಇಂಡಿಯಾನಾ ರಾಜ್ಯದವರು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಾರ್ಡ್ ಲ್ಯಾಂಬರ್ಟ್ ಅವರ ಕೈಕೆಳಗೆ ಆಡಿ, ಮೂರು ಬಾರಿ ದೇಶದ ಶ್ರೇಷ್ಠ ಕಾಲೇಜು ಆಟಗಾರರ ಪಟ್ಟಿಗೆ ಸೇರಿದವರು. ಆಮೇಲೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತ ತಂಡವನ್ನೂ ನಡೆಸಿದವರು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಸೇವೆ ಮುಗಿಸಿ, ಇಂಡಿಯಾನಾ ಸ್ಟೇಟ್ ಕಾಲೇಜಿನಲ್ಲಿ ಎರಡು ವರ್ಷ ದುಡಿದ ಮೇಲೆ ಅವರು ಪಶ್ಚಿಮಕ್ಕೆ ಬಂದರು. ಆ ಕಾಲೇಜಿನಲ್ಲಿದ್ದಾಗ, ತಂಡದ ಕಪ್ಪು ಆಟಗಾರ ಕ್ಲಾರೆನ್ಸ್ ವಾಕರ್ ಅವರಿಗೆ ಪ್ರವೇಶವಿಲ್ಲವೆಂಬ ಕಾರಣಕ್ಕೆ 1947ರ ರಾಷ್ಟ್ರೀಯ ಟೂರ್ನಿಯ ಆಹ್ವಾನವನ್ನೇ ತಿರಸ್ಕರಿಸಿದ್ದು ಅವರ ಸ್ವಭಾವವನ್ನು ತಿಳಿಸುವ ಸಂಗತಿ. ಮರುವರ್ಷ ಆ ನಿಷೇಧ ಹೋಯಿತು, ವಾಕರ್ ಆಡಿದರು. ವುಡನ್ ಅವರಿಗೆ ಮನಸ್ಸಿದ್ದದ್ದು ಮಿನೆಸೋಟ ವಿಶ್ವವಿದ್ಯಾಲಯದ ಕೆಲಸದ ಮೇಲೆ. ಅಲ್ಲಿಯೂ ತಕರಾರು ಎದ್ದದ್ದು ಸಹಾಯಕ ಯಾರಿರಬೇಕೆಂಬ ವಿಷಯದಲ್ಲಿಯೇ: ನಿರ್ಗಮಿಸುವ ತರಬೇತುದಾರರನ್ನೇ ಸಹಾಯಕರಾಗಿ ಇರಿಸಿಕೊಳ್ಳಬೇಕೆಂದು ಮಿನೆಸೋಟದವರು ಬಯಸಿದ್ದರು, ತಮ್ಮವರನ್ನೇ ತರುವೆನೆಂದು ವುಡನ್ ಪಟ್ಟುಹಿಡಿದಿದ್ದರು. ಮಿನೆಸೋಟದವರು ಮಣಿದ ಸುದ್ದಿ ಹಿಮಪಾತದಿಂದ ಕೆಟ್ಟ ಫೋನ್ ಸಂಪರ್ಕದಿಂದಾಗಿ ತಡವಾಗಿ ತಲುಪುವಷ್ಟರಲ್ಲಿ, ವುಡನ್ ಯುಸಿಎಲ್‌ಎಗೆ ಮಾತು ಕೊಟ್ಟಾಗಿತ್ತು. ಕೊಟ್ಟ ಮಾತಿನಂತೆ, ತಮ್ಮಲ್ಲಿಯೇ ಆಡಿ ಬೆಳೆದಿದ್ದ ಎಡ್ಡಿ ಪೊವೆಲ್ ಅವರನ್ನು ಸಹಾಯಕರಾಗಿ ಜೊತೆಗೆ ಕರೆದುಕೊಂಡು ಅವರು ಲಾಸ್ ಏಂಜಲೀಸ್‌ಗೆ ಬಂದರು.

ಬಂದ ಜಾಗದಲ್ಲಿ ಸವಲತ್ತುಗಳಿರಲಿಲ್ಲ. ತಂಡ ಅಭ್ಯಾಸ ಮಾಡುತ್ತಿದ್ದದ್ದು ವ್ಯಾಯಾಮಶಾಲೆಯ ಮೂರನೆಯ ಮಹಡಿಯಲ್ಲಿ, ಕುಸ್ತಿ ಮತ್ತು ಜಿಮ್ನಾಸ್ಟಿಕ್ಸ್ ಪಟುಗಳ ಜೊತೆಗೆ. ಗಾಳಿಯಾಡದ ಆ ಸಭಾಂಗಣಕ್ಕೆ ಬೆವರುನಾತದ ಕಾರಣದಿಂದಲೇ ಅಡ್ಡಹೆಸರು ಬಿದ್ದಿತ್ತು. ಅಭ್ಯಾಸಕ್ಕೆ ಮುಂಚೆ ಅಂಕಣದ ಧೂಳನ್ನು ವುಡನ್ ತಾವೇ ಗುಡಿಸುತ್ತಿದ್ದರು. ಹಾಗಿದ್ದರೂ ಹಿಂದಿನ ಋತುವಿನಲ್ಲಿ 12 ಗೆದ್ದು 13 ಸೋತಿದ್ದ ತಂಡ ಅವರ ಮೊದಲ ಋತುವಿನಲ್ಲಿ 22 ಗೆದ್ದು 7 ಮಾತ್ರ ಸೋತಿತು. ಅಲ್ಲಿಂದ ಮುಂದೆ ಒಂದೂವರೆ ದಶಕ ಇದೇ ಸ್ಥಿತಿ: ಒಳ್ಳೆಯ ತಂಡ, ಆದರೆ ರಾಷ್ಟ್ರಮಟ್ಟದಲ್ಲಿ ಹೆಸರಿಲ್ಲದ ತಂಡ. 1962ರಲ್ಲಿ ಮೊದಲ ಬಾರಿಗೆ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿ, ಸಿನ್ಸಿನಾಟಿ ಎದುರು 72–70ರಲ್ಲಿ ಸೋತದ್ದೇ ಅದುವರೆಗಿನ ಅತ್ಯುತ್ತಮ ಸಾಧನೆ.

ಈ ವರ್ಷಗಳಲ್ಲಿ ವುಡನ್ ರೂಪಿಸಿದ ಕೆಲಸದ ಕ್ರಮ ಮಾತ್ರ ಕೊನೆಯವರೆಗೂ ಬದಲಾಗಲಿಲ್ಲ. ಮಧ್ಯಾಹ್ನದ ಎರಡು ಗಂಟೆಗಳ ಅಭ್ಯಾಸಕ್ಕಾಗಿ ಬೆಳಿಗ್ಗೆ ಸಹಾಯಕರೊಂದಿಗೆ ಕುಳಿತು ಸುಮಾರು ಅಷ್ಟೇ ಹೊತ್ತು ಚರ್ಚೆ ನಡೆಯುತ್ತಿತ್ತು. ಯಾವ ಕಸರತ್ತು ಎಷ್ಟು ನಿಮಿಷ, ಯಾವ ಆಟಗಾರ ಯಾವ ಬುಟ್ಟಿಯ ಕೆಳಗೆ, ಚೆಂಡುಗಳು ಎಲ್ಲಿ ಎಷ್ಟಿರಬೇಕು ಎಂಬುದೆಲ್ಲ ತೀರ್ಮಾನವಾಗಿ ಚಿಕ್ಕ ಕಾರ್ಡುಗಳ ಮೇಲೆ ಬರೆಯಲ್ಪಡುತ್ತಿತ್ತು. ಆ ಕೋಣೆಯಲ್ಲಿ ಸಹಾಯಕರು ತಮ್ಮ ಅಭಿಪ್ರಾಯವನ್ನು ಗಟ್ಟಿಯಾಗಿ ಹೇಳಬೇಕು, ವಾದಿಸಬೇಕು. ತೀರ್ಮಾನವಾದ ಮೇಲೆ ಅಂಕಣದಲ್ಲಿ ಎಲ್ಲರದೂ ಒಂದೇ ಮಾತಾಗಿರಬೇಕು ಎಂಬುದು ವುಡನ್ ಅವರ ನಿಯಮ. ಹೌದಪ್ಪಗಳು ತಮಗೆ ಬೇಡವೆಂದು ಅವರು ಹೇಳುತ್ತಿದ್ದದ್ದುಂಟು. ಬಹಳ ಮಂದಿ ಯಜಮಾನರು ಈ ಮಾತನ್ನು ಹೇಳುತ್ತಾರೆ. ವುಡನ್ ಅದನ್ನು ನಿಜಕ್ಕೂ ಉದ್ದೇಶಿಸಿದ್ದರೆಂಬುದಕ್ಕೆ ಸಾಕ್ಷಿ ಜೆರ್ರಿ ನಾರ್ಮನ್ ಅವರ ನೇಮಕ.

ನಾರ್ಮನ್ 1950ರ ದಶಕದ ಆರಂಭದಲ್ಲಿ ವುಡನ್ ಅವರ ತಂಡದಲ್ಲಿಯೇ ಆಡಿದವರು, ಮತ್ತು ಎದುರುತ್ತರ ಕೊಡುವ ಚಾಳಿಯಿಂದಾಗಿ ಕೆಲಕಾಲ ತಂಡದಿಂದ ಹೊರಗಿರಿಸಲ್ಪಟ್ಟವರು. ಅಂಥವರನ್ನು ಅದೇ ದಶಕದ ಕೊನೆಯ ಭಾಗದಲ್ಲಿ ವುಡನ್ ಕರೆದು ಮೊದಲು ಫ್ರೆಶ್‌ಮನ್ ತಂಡವನ್ನೂ, ಬಳಿಕ ಮುಖ್ಯ ತಂಡದ ಸಹಾಯಕ ಹುದ್ದೆಯನ್ನೂ ವಹಿಸಿದರು. ಇಬ್ಬರ ಸ್ವಭಾವ ಬೇರೆ ಬೇರೆ. ವುಡನ್ ಅವರ ದೃಷ್ಟಿಯಲ್ಲಿ ತರಬೇತಿಯೆಂದರೆ ತನ್ನ ತಂಡವನ್ನು ತಿದ್ದಿ ತೀಡುವುದು. ಎದುರಾಳಿಯ ಬಗ್ಗೆ ಅತಿಯಾಗಿ ಚಿಂತಿಸುವುದಾಗಲಿ, ಆಟಗಾರರ ಮನೆಬಾಗಿಲಿಗೆ ಅಲೆಯುವುದಾಗಲಿ ಅವರಿಗೆ ಹಿಡಿಸದು. ನಾರ್ಮನ್ ಇವೆರಡನ್ನೂ ತಾವೇ ಹೊತ್ತುಕೊಂಡರು, ಅದರ ಜೊತೆಗೆ ಆಟದ ತಂತ್ರದ ಬಗ್ಗೆ ತಮ್ಮದೇ ಆದ ಲೆಕ್ಕಾಚಾರವನ್ನು ಬೆಳಿಗ್ಗೆಯ ಸಭೆಗಳಿಗೆ ತಂದರು.

1963ರಲ್ಲಿ ಆ ಲೆಕ್ಕಾಚಾರ ಒಂದು ಸ್ಪಷ್ಟ ರೂಪಕ್ಕೆ ಬಂತು. ಯುಸಿಎಲ್‌ಎ ತಂಡದಲ್ಲಿ ಆಗ 6 ಅಡಿ 5 ಅಂಗುಲಕ್ಕಿಂತ ಎತ್ತರದ ಆರಂಭಿಕ ಆಟಗಾರರೇ ಇರಲಿಲ್ಲ. ಇದ್ದದ್ದು ವೇಗ ಮತ್ತು ಚುರುಕುತನ. ಆದರೆ ಆ ಕಾಲದ ಕಾಲೇಜು ಆಟದಲ್ಲಿ, ಚೆಂಡು ಸಿಕ್ಕ ತಂಡ ಇಂತಿಷ್ಟು ಸೆಕೆಂಡುಗಳಲ್ಲಿ ಬುಟ್ಟಿಗೆ ಎಸೆಯಲೇಬೇಕೆಂಬ ನಿಯಮವಿರಲಿಲ್ಲ. ಆ ನಿಯಮ ಪುರುಷರ ಕಾಲೇಜು ಆಟಕ್ಕೆ ಸಾರ್ವತ್ರಿಕವಾಗಿ ಬಂದದ್ದು 1985–86ರಲ್ಲಿ. ಹೀಗಾಗಿ ನಿಧಾನವಾಗಿ ಆಡಬಯಸುವ ಎದುರಾಳಿ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ವೇಗದ ತಂಡವನ್ನು ಕಟ್ಟಿಹಾಕಬಹುದಿತ್ತು. ಇದಕ್ಕೆ ನಾರ್ಮನ್ ಸೂಚಿಸಿದ ಮದ್ದು ಝೋನ್ ಪ್ರೆಸ್. ಸಾಮಾನ್ಯವಾಗಿ ರಕ್ಷಣೆಗೆ ನಿಲ್ಲುವ ತಂಡ ಹಿಂದೆ ಸರಿದು ತನ್ನ ಬುಟ್ಟಿಯ ಸುತ್ತ ಕಾಯುತ್ತದೆ. ಪ್ರೆಸ್‌ನಲ್ಲಿ ಹಾಗಲ್ಲ, ಎದುರಾಳಿ ತನ್ನ ತುದಿಯಿಂದ ಚೆಂಡನ್ನು ಒಳಗೆಸೆದ ಕ್ಷಣದಿಂದಲೇ 94 ಅಡಿಯ ಅಂಕಣದುದ್ದಕ್ಕೂ ಅವನನ್ನು ಅಡ್ಡಗಟ್ಟಲಾಗುತ್ತದೆ. ಚೆಂಡನ್ನು ಹತ್ತು ಸೆಕೆಂಡುಗಳೊಳಗೆ ಅರ್ಧ ಅಂಕಣ ದಾಟಿಸಬೇಕೆಂಬ ನಿಯಮ ಇದ್ದದ್ದರಿಂದ, ಈ ಒತ್ತಡದಲ್ಲಿ ಎದುರಾಳಿ ಅವಸರಪಡದೆ ಇರುವಂತಿರಲಿಲ್ಲ.

ಪ್ರೆಸ್ ವುಡನ್ ಅವರಿಗೆ ಹೊಸದಲ್ಲ. ಇಂಡಿಯಾನಾದ ದಿನಗಳಲ್ಲಿ ಅದನ್ನು ಬಳಸಿದ್ದರು. ಆದರೆ ಮೇಲ್ಮಟ್ಟದ ಕಾಲೇಜು ಆಟಗಾರರು ಅದನ್ನು ಸುಲಭವಾಗಿ ಭೇದಿಸಬಲ್ಲರೆಂಬ ಅನುಮಾನ ಅವರಿಗಿತ್ತು. ನಾರ್ಮನ್ ಒತ್ತಾಯಿಸಿದ್ದು, ಒಬ್ಬೊಬ್ಬರೂ ಒಬ್ಬೊಬ್ಬ ಎದುರಾಳಿಯನ್ನು ಹಿಡಿಯುವ ಪ್ರೆಸ್ ಅಲ್ಲ, 2-2-1 ಎಂಬ ವಿನ್ಯಾಸದ್ದು. ಮುಂದಿನ ಸಾಲಿನಲ್ಲಿ ಗೇಲ್ ಗುಡ್‌ರಿಚ್ ಮತ್ತು ಫ್ರೆಡ್ ಸ್ಲಾಟರ್, ಅವರ ಹಿಂದೆ ವಾಲ್ಟ್ ಹ್ಯಾಜರ್ಡ್ ಮತ್ತು ಜ್ಯಾಕ್ ಹರ್ಶ್, ಎಲ್ಲರ ಹಿಂದೆ ಏಕಾಂಗಿಯಾಗಿ ಕೀತ್ ಎರಿಕ್ಸನ್. ತಂಡದ ಸೆಂಟರ್ ಆಟಗಾರನನ್ನು, ಅಂದರೆ ಬುಟ್ಟಿಯ ಬಳಿಯೇ ಇರಬೇಕಾದ ಭಾರಿ ಆಳನ್ನು, ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದು ಇದರ ಸ್ವಾರಸ್ಯ. ಸ್ಲಾಟರ್ ಅವರ ಓಟದ ವೇಗ ಅದಕ್ಕೆ ಅನುವು ಮಾಡಿಕೊಟ್ಟಿತು. ಕೊನೆಯ ಕಾವಲಿನ ಎರಿಕ್ಸನ್, 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ವಾಲಿಬಾಲ್ ತಂಡಕ್ಕೆ ಆಡಿದ ಜಿಗಿತಗಾರ. ಚೆಂಡನ್ನು ಕಸಿದುಕೊಳ್ಳುವುದು ಇದರ ಎರಡನೆಯ ಲಾಭ ಮಾತ್ರ. ಎದುರಾಳಿಯನ್ನು ತನ್ನ ವೇಗಕ್ಕೆ ಎಳೆದು ತರುವುದೇ ಮೊದಲನೆಯದು.

ಆ ಋತುವಿನಲ್ಲಿ ಯುಸಿಎಲ್‌ಎ ಆಡಿದ 30 ಪಂದ್ಯಗಳನ್ನೂ ಗೆದ್ದಿತು. 1964ರ ಮಾರ್ಚ್ 21ರಂದು ಕ್ಯಾನ್ಸಸ್ ಸಿಟಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಎದುರಿದ್ದ ಡ್ಯೂಕ್ ತಂಡದಲ್ಲಿ 6 ಅಡಿ 10 ಅಂಗುಲದ ಇಬ್ಬರು ಆಟಗಾರರಿದ್ದರು. ಮೊದಲಾರ್ಧದಲ್ಲಿ ಡ್ಯೂಕ್ ಮುಂದಿದ್ದಾಗ ಪ್ರೆಸ್ ಫಲಿಸಿತು: ಸುಮಾರು ಎರಡೂವರೆ ನಿಮಿಷಗಳಲ್ಲಿ ಯುಸಿಎಲ್‌ಎ ಸತತವಾಗಿ 16 ಅಂಕ ಗಳಿಸಿತು, ಡ್ಯೂಕ್ ಒಂದನ್ನೂ ಗಳಿಸಲಿಲ್ಲ. ಪಂದ್ಯ 98–83ರಲ್ಲಿ ಮುಗಿಯಿತು. ಮರುವರ್ಷ ಪ್ರಶಸ್ತಿ ಮತ್ತೆ ಬಂತು. ಪ್ರೆಸ್ ನಾರ್ಮನ್ ಅವರ ಒತ್ತಾಯದ ಫಲವೆಂಬುದನ್ನು ವುಡನ್ ಮುಂದೆ ತಾವೇ ಒಪ್ಪಿಕೊಂಡರು. ಆದರೆ ಒಪ್ಪಿಗೆಯ ಮಾತಿಗೆ ಪ್ರಶಸ್ತಿಯ ಸುದ್ದಿಯಷ್ಟು ದೂರ ಹೋಗುವ ಶಕ್ತಿಯಿಲ್ಲ.

ಆಟಗಾರರನ್ನು ತರುವ ಕೆಲಸದಲ್ಲಿ ನಾರ್ಮನ್ ಅವರ ಪಾತ್ರ ಇನ್ನೂ ದೊಡ್ಡದು. ನ್ಯೂಯಾರ್ಕಿನ ಪವರ್ ಮೆಮೋರಿಯಲ್ ಶಾಲೆಯ ಲ್ಯೂ ಅಲ್ಸಿಂಡರ್, ಅಂದರೆ ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಜಗತ್ತಿಗೆ ಪರಿಚಿತರಾದ ಆಟಗಾರ, ಖಂಡದ ಇನ್ನೊಂದು ತುದಿಯ ಕಾಲೇಜನ್ನು 1965ರಲ್ಲಿ ಆರಿಸಿಕೊಂಡದ್ದಕ್ಕೆ ಹಲವು ಕಾರಣಗಳಿದ್ದವು. ಎರಡು ಪ್ರಶಸ್ತಿಗಳ ಪ್ರಭೆಯಿತ್ತು, ಹೊಸ ಕ್ರೀಡಾಂಗಣ ಏಳುತ್ತಿತ್ತು, ಯುಸಿಎಲ್‌ಎಯ ಹಳೆಯ ವಿದ್ಯಾರ್ಥಿಗಳಾದ ರಾಲ್ಫ್ ಬಂಚ್ ಮತ್ತು ಜ್ಯಾಕಿ ರಾಬಿನ್ಸನ್ ಈ ಹುಡುಗನಿಗೆ ಪತ್ರ ಬರೆದಿದ್ದರು. ಇವೆಲ್ಲವನ್ನೂ ಪೋಣಿಸಿ, ಸಂಪರ್ಕ ಕಡಿಯದಂತೆ ನೋಡಿಕೊಂಡು, ದೂರ ಪ್ರಯಾಣಕ್ಕೆ ಹಿಂಜರಿಯುತ್ತಿದ್ದ ವುಡನ್ ಅವರಿಗೆ ಬೇಕಾದ ಹೊತ್ತಿನಲ್ಲಿ ಒತ್ತಾಸೆಯಾಗಿ ನಿಂತವರು ನಾರ್ಮನ್.

ಅಲ್ಸಿಂಡರ್ ಮೊದಲ ವರ್ಷ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲವಾದ್ದರಿಂದ, ಅವರು ಮೊದಲು ಸೇರಿದ್ದು ಗ್ಯಾರಿ ಕನ್ನಿಂಗ್‌ಹ್ಯಾಮ್ ಅವರ ಫ್ರೆಶ್‌ಮನ್ ತಂಡವನ್ನು. ಕನ್ನಿಂಗ್‌ಹ್ಯಾಮ್ ಕೂಡ ವುಡನ್ ಅವರಲ್ಲಿ ಆಡಿದವರೇ. ಆದರೆ ನಾರ್ಮನ್ ಅವರಂತೆ ಕಾದಾಡುವವರಲ್ಲ. ಶಿಕ್ಷಣಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಶಾಂತ ಸ್ವಭಾವದವರು. 1965ರ ನವೆಂಬರ್ 27ರಂದು ಹೊಸ ಪಾಲಿ ಪೆವಿಲಿಯನ್ ಸಭಾಂಗಣದಲ್ಲಿ ನಡೆದ ಪಂದ್ಯದಲ್ಲಿ, ಕನ್ನಿಂಗ್‌ಹ್ಯಾಮ್ ಅವರ ಮೊದಲ ವರ್ಷದ ಹುಡುಗರು ಸತತ ಎರಡು ಬಾರಿ ದೇಶದ ಚಾಂಪಿಯನ್ ಆಗಿದ್ದ ತಮ್ಮದೇ ಕಾಲೇಜಿನ ಹಿರಿಯರನ್ನು 75–60ರಲ್ಲಿ ಸೋಲಿಸಿದರು. ಅಲ್ಸಿಂಡರ್ ಒಬ್ಬರೇ 31 ಅಂಕ ಗಳಿಸಿದರು. ದೇಶದಲ್ಲಿ ಅತ್ಯುತ್ತಮವೆಂದು ಎಣಿಸಲಾಗಿದ್ದ ತಂಡ ಆ ಋತುವಿನಲ್ಲಿ ತನ್ನ ಮನೆಯಲ್ಲಿಯೇ ಎರಡನೆಯ ಸ್ಥಾನದಲ್ಲಿತ್ತು.

1968ರ ಎರಡು ಪಂದ್ಯಗಳು ಬಳಗದ ಕೆಲಸ ಹೇಗೆ ಹಂಚಿಹೋಗಿತ್ತೆಂಬುದನ್ನು ತಿಳಿಯಲು ನೆರವಾಗುತ್ತವೆ. ಜನವರಿ 20ರಂದು ಹ್ಯೂಸ್ಟನ್‌ನ ಆಸ್ಟ್ರೋಡೋಮಿನಲ್ಲಿ 52,693 ಪ್ರೇಕ್ಷಕರೆದುರು ಯುಸಿಎಲ್‌ಎ 71–69ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಸೋತಿತು. ಬೇಸ್‌ಬಾಲ್ ಕ್ರೀಡಾಂಗಣದ ನಡುವೆ ಅಂಕಣ ಹಾಸಿ ಆಡುವುದು ವುಡನ್ ಅವರಿಗೆ ರುಚಿಸಿರಲಿಲ್ಲ. ಒಪ್ಪಿಸಿದವರು 1963ರಿಂದ ಕ್ರೀಡಾ ನಿರ್ದೇಶಕರಾಗಿದ್ದ ಜೆ.ಡಿ. ಮಾರ್ಗನ್. ಟೆನಿಸ್ ತರಬೇತುದಾರರಾಗಿದ್ದ ಮಾರ್ಗನ್ ಹಣಕಾಸು, ಪಂದ್ಯಗಳ ವೇಳಾಪಟ್ಟಿ, ದೂರದರ್ಶನದ ಒಪ್ಪಂದಗಳನ್ನೆಲ್ಲ ತಮ್ಮ ಕೈಗೆ ತೆಗೆದುಕೊಂಡು, ವುಡನ್ ಅವರನ್ನು ಬರಿಯ ಕಲಿಸುವ ಕೆಲಸಕ್ಕೆ ಬಿಟ್ಟುಕೊಟ್ಟಿದ್ದರು. ಎರಡು ತಿಂಗಳ ನಂತರ ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ಅದೇ ಎದುರಾಳಿ ಸಿಕ್ಕಾಗ ಮಾತು ನಾರ್ಮನ್ ಅವರದಾಯಿತು. ನಾಲ್ವರು ವಜ್ರಾಕಾರದಲ್ಲಿ ನಿಂತು ಜಾಗವನ್ನು ಕಾಯುವುದು, ಐದನೆಯವನು ಹ್ಯೂಸ್ಟನ್‌ನ ಎಲ್ವಿನ್ ಹೇಯ್ಸ್ ಅವರಿಗೆ ನೆರಳಿನಂತೆ ಅಂಟಿಕೊಳ್ಳುವುದು, ಇದು ಅವರ ಸಲಹೆ. ವುಡನ್ ಒಲ್ಲದ ಮನಸ್ಸಿನಿಂದಲೇ ಒಪ್ಪಿದರು. ನೆರಳಾಗಿ ನಿಂತ ಲಿನ್ ಶ್ಯಾಕಲ್‌ಫೋರ್ಡ್ ಅವರಿಂದಾಗಿ ಹೇಯ್ಸ್ ಗಳಿಸಿದ್ದು 10 ಅಂಕ. ಯುಸಿಎಲ್‌ಎ 101–69ರಲ್ಲಿ ಗೆದ್ದಿತು.

ಅದೇ ವರ್ಷ ನಾರ್ಮನ್ ತರಬೇತಿಯನ್ನೇ ಬಿಟ್ಟು ಷೇರುಪೇಟೆಯ ಉದ್ಯೋಗಕ್ಕೆ ಹೊರಟುಹೋದರು. ಸಹಾಯಕರ ಸಂಬಳ ಎಷ್ಟು ಅಲ್ಪವಾಗಿತ್ತೆಂಬುದನ್ನು ಊಹಿಸಲು ಒಂದು ಅಂಕಿ ಸಾಕು: ಹತ್ತು ಪ್ರಶಸ್ತಿ ಗೆದ್ದು ನಿವೃತ್ತರಾಗುವಾಗ ಸ್ವತಃ ವುಡನ್ ಅವರ ವಾರ್ಷಿಕ ಸಂಬಳ 32,500 ಡಾಲರ್. ಬಳಗದಲ್ಲಿ ಆರಂಭದಿಂದ ಕೊನೆಯವರೆಗೂ ಉಳಿದವರೆಂದರೆ ಟ್ರೈನರ್ ಎಲ್ವಿನ್ 'ಡಕಿ' ಡ್ರೇಕ್. ಅವರು ವಿಶ್ವವಿದ್ಯಾಲಯದ ಅಥ್ಲೆಟಿಕ್ಸ್ ತರಬೇತುದಾರರೂ ಆಗಿದ್ದರು. 1960ರ ರೋಮ್ ಒಲಿಂಪಿಕ್ಸ್‌ನ ಡೆಕಥ್ಲಾನ್‌ನಲ್ಲಿ ಚಿನ್ನ ಗೆದ್ದ ರೇಫರ್ ಜಾನ್ಸನ್ ಮತ್ತು ಬೆಳ್ಳಿ ಗೆದ್ದ ತೈವಾನಿನ ಸಿ.ಕೆ. ಯಾಂಗ್ ಇಬ್ಬರೂ ಅವರ ಶಿಷ್ಯರೇ. ಪಂದ್ಯದ ಕೊನೆಯ ನಿಮಿಷಗಳಲ್ಲಿಯೂ ಓಡುತ್ತಲೇ ಇರಬಲ್ಲ ತಂಡ ಬೇಕೆಂದು ಹಟಹಿಡಿದ ವುಡನ್ ಅವರಿಗೆ, ಓಟವನ್ನೇ ಶಾಸ್ತ್ರವಾಗಿ ಬಲ್ಲವರು ಪಕ್ಕದಲ್ಲಿದ್ದದ್ದು ಸಣ್ಣ ಅನುಕೂಲವಲ್ಲ.

ನಾರ್ಮನ್ ಅವರ ಜಾಗಕ್ಕೆ ಬಂದ ಡೆನ್ನಿ ಕ್ರಮ್ ಕೂಡ ಹಳೆಯ ಆಟಗಾರರೇ, ಅಷ್ಟೇ ಆತ್ಮವಿಶ್ವಾಸದವರು. ಸ್ಯಾನ್ ಡಿಯೇಗೊ ಬಳಿಯ ಹೆಲಿಕ್ಸ್ ಹೈಸ್ಕೂಲಿನ ಬಿಲ್ ವಾಲ್ಟನ್ ಅವರನ್ನು ಕಂಡು ಬಂದು, ಇಂಥ ಹೈಸ್ಕೂಲ್ ಆಟಗಾರನನ್ನು ತಾವು ನೋಡಿಯೇ ಇಲ್ಲವೆಂದು ಕ್ರಮ್ ವರದಿ ಮಾಡಿದಾಗ ವುಡನ್ ನಂಬಲಿಲ್ಲ. ಅಲ್ಸಿಂಡರ್ ಆಗಷ್ಟೇ ಆಡಿಹೋಗಿದ್ದ ಕಾಲೇಜಿನಲ್ಲಿ ಅಂಥ ಮಾತನ್ನು ಬಾಗಿಲು ತೆರೆದಿಟ್ಟು ಆಡಬೇಡವೆಂದು ಎಚ್ಚರಿಸಿದರಂತೆ. ವಾಲ್ಟನ್ ಬಂದರು. 1971ರಿಂದ 1974ರವರೆಗೆ ಯುಸಿಎಲ್‌ಎ ಸೋಲಿಲ್ಲದೆ ಗೆದ್ದ 88 ಪಂದ್ಯಗಳ ಸರಮಾಲೆಯ ಬಹುಭಾಗ ಅವರ ಕಾಲದ್ದು. ಆದರೆ ಅದನ್ನು ಬೆಂಚಿನಿಂದ ನೋಡಲು ಕ್ರಮ್ ಇರಲಿಲ್ಲ. ಮೂರು ಋತುಗಳಲ್ಲಿ ಮೂರು ಪ್ರಶಸ್ತಿ ಕಂಡ ಅವರು, 1971ರ ಸೆಮಿಫೈನಲ್ ಪಂದ್ಯದ ನಡುವೆಯೇ ವುಡನ್ ಅವರೊಂದಿಗೆ ಬಹಿರಂಗವಾಗಿ ವಾಗ್ವಾದಕ್ಕಿಳಿದರು; ಆ ವಸಂತದಲ್ಲಿಯೇ ಲೂಯಿವಿಲ್ ವಿಶ್ವವಿದ್ಯಾಲಯದ ಮುಖ್ಯ ತರಬೇತುದಾರರಾಗಿ ಹೊರಟರು. ಜಗಳದಿಂದ ಸಂಬಂಧ ಮುರಿಯಲಿಲ್ಲ. ಒಂದೇ ವರ್ಷದಲ್ಲಿ ಕ್ರಮ್ ತಮ್ಮ ಹೊಸ ತಂಡವನ್ನು ಕೊನೆಯ ನಾಲ್ಕರವರೆಗೆ ತಂದು, ಗುರುವಿನೆದುರೇ 96–77ರಲ್ಲಿ ಸೋತರು.

ಕೊನೆಯ ನಾಲ್ಕು ಋತುಗಳಲ್ಲಿ ಕನ್ನಿಂಗ್‌ಹ್ಯಾಮ್ ಮತ್ತು ಫ್ರ್ಯಾಂಕ್ ಆರ್ನಲ್ಡ್ ಸಹಾಯಕರಾಗಿದ್ದರು. ಈ ಘಟ್ಟಕ್ಕೆ ಅಪರೂಪದ ದಾಖಲೆಯೊಂದಿದೆ. 1974–75ರಲ್ಲಿ ರೊಲ್ಯಾಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್ ಎಂಬ ಮನಶ್ಶಾಸ್ತ್ರಜ್ಞರು ಅಭ್ಯಾಸದ ಅವಧಿಗಳಲ್ಲಿ ಕುಳಿತು, ವುಡನ್ ಕಲಿಸುವಾಗ ಆಡಿದ ಮಾತು, ಮಾಡಿದ ಸನ್ನೆಗಳನ್ನು ಒಂದೊಂದಾಗಿ ವರ್ಗೀಕರಿಸಿದರು; ಒಟ್ಟು 2,326ರಲ್ಲಿ ಅರ್ಧದಷ್ಟು ಏನು ಮಾಡಬೇಕು, ಹೇಗೆ ಮಾಡಬೇಕೆಂಬ ನೇರ ಸೂಚನೆಗಳಾಗಿದ್ದವು. ಹೊಗಳಿಕೆ ಶೇಕಡ 7ರಷ್ಟು. ಬೆಳಿಗ್ಗೆಯ ಸಭೆಯಲ್ಲಿ ಎಲ್ಲವೂ ಮೊದಲೇ ನಿಷ್ಕರ್ಷೆಯಾಗಿರುತ್ತಿದ್ದದ್ದರಿಂದಲೇ ಮಧ್ಯಾಹ್ನ ಒಂದು ಮಾತೂ ವ್ಯರ್ಥವಾಗುತ್ತಿರಲಿಲ್ಲವೆಂದು ಇದರಿಂದ ಊಹಿಸಬಹುದು.

ಈ ಚರಿತ್ರೆಯ ಮಗ್ಗುಲಲ್ಲಿ ಒಂದು ಕಲೆಯೂ ಇದೆ. ಲಾಸ್ ಏಂಜಲೀಸ್‌ನ ಶ್ರೀಮಂತ ಗುತ್ತಿಗೆದಾರ ಸ್ಯಾಮ್ ಗಿಲ್ಬರ್ಟ್ ಬೂಸ್ಟರ್ ಎನಿಸಿಕೊಳ್ಳುವ ಬಗೆಯ ಅಭಿಮಾನಿ, ಅಂದರೆ ತಂಡಕ್ಕೆ ಹಣ ಮತ್ತು ಪ್ರಭಾವದಿಂದ ನೆರವಾಗುವ ಹೊರಗಿನವರು. ಆಟಗಾರರಿಗೆ ನಿಯಮ ಮೀರಿದ ಸೌಲಭ್ಯ ಒದಗಿಸಿದ್ದರೆಂಬ ವರದಿಗಳು ವುಡನ್ ನಿವೃತ್ತರಾದ ಮೇಲೆ ಲಾಸ್ ಏಂಜಲೀಸ್ ಟೈಮ್ಸ್‌ನಲ್ಲಿ ಬಂದವು. ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ 1981ರಲ್ಲಿ ಯುಸಿಎಲ್‌ಎಯನ್ನು ದಂಡಿಸಿ, ಗಿಲ್ಬರ್ಟ್ ಅವರಿಂದ ದೂರವಿರುವಂತೆ ವಿಧಿಸಿತಾದರೂ, ವುಡನ್ ಕಾಲದ ಯಾವ ಪ್ರಶಸ್ತಿಯನ್ನೂ ಮುಟ್ಟಲಿಲ್ಲ. ಚೆಂಡುಗಳು ಎಲ್ಲೆಲ್ಲಿರಬೇಕೆಂಬುದನ್ನೂ ಬರೆದಿಡುತ್ತಿದ್ದ ಬಳಗ ಇಂಥದ್ದೊಂದು ಸಂಗತಿಯನ್ನು ಗಟ್ಟಿಯಾಗಿ ವಿಚಾರಿಸಲಿಲ್ಲವೆಂಬುದು ಅದರ ಹೆಸರಿಗೆ ಅಂಟಿದ ಕೊರತೆಯೇ ಸರಿ.

1975ರ ಮಾರ್ಚ್ 29ರಂದು ಸ್ಯಾನ್ ಡಿಯೇಗೊದಲ್ಲಿ ಯುಸಿಎಲ್‌ಎ ಸೆಮಿಫೈನಲ್ ಗೆದ್ದದ್ದು ಕ್ರಮ್ ಅವರ ಲೂಯಿವಿಲ್ ಎದುರು, ಹೆಚ್ಚುವರಿ ಅವಧಿಯಲ್ಲಿ, 75–74ರಲ್ಲಿ. ಪಂದ್ಯ ಮುಗಿದ ಕೂಡಲೇ ವುಡನ್ ತಮ್ಮ ನಿವೃತ್ತಿಯನ್ನು ಆಟಗಾರರಿಗೆ ತಿಳಿಸಿದರು. ಎರಡು ದಿನಗಳ ನಂತರ ಕೆಂಟಕಿಯನ್ನು 92–85ರಲ್ಲಿ ಸೋಲಿಸಿ ಹತ್ತನೆಯ ಪ್ರಶಸ್ತಿ ಬಂತು. ಉತ್ತರಾಧಿಕಾರಿಯಾಗಿ ಮಾರ್ಗನ್ ಆರಿಸಿದ್ದು ಬಳಗದವರನ್ನಲ್ಲ, ಹೊರಗಿನವರಾದ ಜೀನ್ ಬಾರ್ಟೋ ಅವರನ್ನು. 52 ಗೆದ್ದು 9 ಸೋತ ಬಾರ್ಟೋ ಎರಡೇ ವರ್ಷಗಳಲ್ಲಿ ಬೇಸತ್ತು ಹೊರಟರು. ಆಮೇಲೆ ಬಂದ ಕನ್ನಿಂಗ್‌ಹ್ಯಾಮ್ 50 ಗೆದ್ದು 8 ಸೋತು, ಅವರೂ ಎರಡು ವರ್ಷಗಳಲ್ಲಿ ಬಿಟ್ಟು ಕ್ರೀಡಾ ಆಡಳಿತದ ಕಡೆಗೆ ತಿರುಗಿದರು. ಆರ್ನಲ್ಡ್ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಮುಖ್ಯ ತರಬೇತುದಾರರಾದರು. ವುಡನ್ ಅವರ ಸಹಾಯಕರಲ್ಲಿ ಮುಖ್ಯ ಹುದ್ದೆಯಲ್ಲಿ ಗುರುವಿನ ಎತ್ತರಕ್ಕೆ ಹತ್ತಿರ ಬಂದವರೆಂದರೆ ಕ್ರಮ್ ಒಬ್ಬರೇ: 1980ರಲ್ಲಿ ಮತ್ತು 1986ರಲ್ಲಿ ಲೂಯಿವಿಲ್‌ಗೆ ರಾಷ್ಟ್ರೀಯ ಪ್ರಶಸ್ತಿ ತಂದರು. ಅವುಗಳಲ್ಲಿ ಮೊದಲನೆಯದು ಯುಸಿಎಲ್‌ಎಯನ್ನೇ 59–54ರಲ್ಲಿ ಸೋಲಿಸಿ ಪಡೆದದ್ದು.

ಸಹಾಯಕರ ಹುದ್ದೆಯ ಬೆಲೆಯ ಪ್ರಶ್ನೆ ಮುಂದೆ ನ್ಯಾಯಾಲಯದವರೆಗೂ ಹೋಯಿತು. ವೆಚ್ಚ ತಗ್ಗಿಸುವ ನೆಪದಲ್ಲಿ ಎನ್‌ಸಿಎಎ 1991ರಲ್ಲಿ ಪ್ರತಿ ತಂಡದ ಒಬ್ಬ ಸಹಾಯಕರ ಗಳಿಕೆಗೆ ಮಿತಿ ಹಾಕಿತು: ಶೈಕ್ಷಣಿಕ ವರ್ಷಕ್ಕೆ 12,000 ಡಾಲರ್, ಬೇಸಿಗೆಗೆ 4,000 ಡಾಲರ್. ಇದು ಮುಕ್ತ ಪೈಪೋಟಿಯನ್ನು ತಡೆಯುವ ಕೂಟವೆಂದು ಸಹಾಯಕರು ಹೂಡಿದ ದಾವೆಯಲ್ಲಿ ನ್ಯಾಯಾಲಯಗಳು ಅವರ ಪರವಾಗಿ ನಿಂತವು, 1999ರಲ್ಲಿ 54.5 ದಶಲಕ್ಷ ಡಾಲರುಗಳಿಗೆ ರಾಜಿಯಾಯಿತು. 2023ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ ಪುರುಷರ ತಂಡವೊಂದು ಮುಖ್ಯ ತರಬೇತುದಾರರಲ್ಲದೆ ಇನ್ನೂ ಐವರನ್ನು ಇರಿಸಿಕೊಳ್ಳಬಹುದು. ನಾರ್ಮನ್ ಅವರ ಕಾಲದಲ್ಲಿ ಆಟಗಾರರನ್ನು ತರುವುದು, ಎದುರಾಳಿಯನ್ನು ಅಭ್ಯಸಿಸುವುದು, ರಕ್ಷಣೆಯ ತಂತ್ರ ಹೆಣೆಯುವುದು, ಈ ಮೂರೂ ಮುಖ್ಯವಾಗಿ ಅವರೊಬ್ಬರ ಹೆಗಲ ಮೇಲಿದ್ದವು.